ಕಡಲ ದಂಡೆಯ ‘ಬೇಡ’

ಕಡಲ ದಂಡೆಗೆ ಬಂದಿಳಿದ ಪ್ರವಾಸಿಗರ ಬಾಯಿಂದ ಮೊದಲು ಹೊರಡುವ ಮಾತು ‘ಆಹಾ’ ಅಲ್ಲ, ‘ಬೇಡ’. ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಒಬ್ಬ ಟೋಪಿ ಹಿಡಿದು ನಿಂತಿರುತ್ತಾನೆ, ಬೇಡ. ಸೋಪಿನ ಗುಳ್ಳೆ ಹಾರಿಸುವ ಪಿಸ್ತೂಲಿನವನು, ಬೇಡ. ಮಗು ‘ಬೇಕು’ ಎಂದು ರಾಗ ತೆಗೆಯುತ್ತದೆ, ಅದಕ್ಕೂ ಒಂದು ಬೇಡ. ಸಮುದ್ರ ಇನ್ನೂ ಕಣ್ಣಿಗೆ ಬಿದ್ದೇ ಇಲ್ಲ. ಮಲ್ಪೆಯಲ್ಲಿ ತುಳು ಮಾತಾಡುವ ಸಂಸಾರಕ್ಕೆ ಇದು ‘ಬೊಡ್ಚಿ’, ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಬಂದವರಿಗೆ ‘ಬ್ಯಾಡಪಾ’, ಗೋವಾದ ಕೊಂಕಣಿಯಲ್ಲಿ ‘ನಾಕಾ’. ಇಂಗ್ಲಿಷ್ ಬಲ್ಲವರು ‘ನೋ ಥ್ಯಾಂಕ್ಸ್’ ಎನ್ನುತ್ತಾರೆ. ಅದರಲ್ಲಿ ನೋ ಎಷ್ಟು, ಥ್ಯಾಂಕ್ಸ್ ಎಷ್ಟು ಎಂಬುದು ಮಾರುವವನಿಗೆ ಚೆನ್ನಾಗಿ ಗೊತ್ತು.

ಕನ್ನಡದಲ್ಲಿ ಈ ಪದಕ್ಕೆ ಒಂದು ಪೇಚಿದೆ. ನಾವು ‘ಬೇಡ’ ಎನ್ನುವ ದನಿ ಕೇಳಿದರೆ ಎದುರಿನವನು ಏನನ್ನೋ ಬೇಡುತ್ತಿದ್ದಾನೆ ಎಂದೇ ಅನ್ನಿಸಬೇಕು, ಹಾಗಿರುತ್ತದೆ. ಅವನು ಬೇಡಲು ಬಂದವನಲ್ಲ, ಮಾರಲು ಬಂದವನು. ಊರಿನ ಅಂಗಡಿಯಲ್ಲಿ ಇದೇ ಟೋಪಿಯನ್ನು ಹತ್ತು ಸಲ ತಿರುಗಿಸಿ ನೋಡಿ ‘ಬೇರೆ ಬಣ್ಣ ಇದೆಯಾ’ ಎಂದು ಕೇಳುವವರು, ಟೋಪಿ ತಾನಾಗಿ ಹತ್ತಿರ ಬಂದರೆ ಬೆಚ್ಚುತ್ತಾರೆ. ವ್ಯತ್ಯಾಸ ಇಷ್ಟೇ: ಅಲ್ಲಿ ನಾವು ಅಂಗಡಿಗೆ ಹೋಗುತ್ತೇವೆ, ಇಲ್ಲಿ ಅಂಗಡಿ ನಮ್ಮ ಹತ್ತಿರ ಬರುತ್ತದೆ.

ನಾಲ್ಕಾರು ವರ್ಷ ದಂಡೆ ಸುತ್ತಿ ಮಾರಿದವನು ಬೇಡಗಳನ್ನು ಅಕ್ಕಿಯ ಹಾಗೆ ಆರಿಸಬಲ್ಲ. ಮೊಬೈಲಿನಿಂದ ತಲೆ ಎತ್ತದೆ ಬೆರಳಾಡಿಸುವುದು ಗಟ್ಟಿ ಬೇಡ, ಅಲ್ಲಿ ನಿಂತು ಫಲವಿಲ್ಲ. ಮುಖ ನೋಡಿ ಹೇಳಿದ್ದೂ ಗಟ್ಟಿಯೇ, ಆದರೆ ಮರ್ಯಾದಸ್ಥ ಬೇಡ. ಬಾಯಲ್ಲಿ ಬೇಡ, ಕಣ್ಣು ಮಾತ್ರ ಬುಟ್ಟಿಯ ಮೇಲೆ ಎಂದಾದರೆ ಅದು ಅರೆಬೆಂದದ್ದು; ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಬೆಂದಿರುತ್ತದೆ. ಗಂಡ ಬೇಡ ಎಂದಾಗ ಹೆಂಡತಿಯ ಮುಖ ನೋಡಬೇಕು. ಹೆಂಡತಿ ಬೇಡ ಎಂದರೆ ಗಂಡನ ಮುಖ ನೋಡಿ ಪ್ರಯೋಜನವಿಲ್ಲ. ಎಲ್ಲಕ್ಕಿಂತ ತೊಂದರೆಯದು ನಮ್ಮವರ ದಾಕ್ಷಿಣ್ಯದ ಬೇಡ: ‘ಆಮೇಲೆ ನೋಡೋಣ’, ‘ವಾಪಸ್ ಬರ್ತಾ ತಗೋತೀವಿ’. ಹೇಳಿದವರು ಎರಡು ಹೆಜ್ಜೆಯಲ್ಲಿ ಮರೆಯುತ್ತಾರೆ. ಕೇಳಿದವನು ಮರೆಯುವುದಿಲ್ಲ. ಮುಕ್ಕಾಲು ಗಂಟೆಯ ಮೇಲೆ ‘ಆಗ ಹೇಳಿದ್ರಲ್ಲ ಅಕ್ಕಾ’ ಎಂದು ಪ್ರತ್ಯಕ್ಷನಾದಾಗ ‘ಇವರ ಕಾಟ ತಡೆಯೋಕಾಗಲ್ಲ’ ಎಂದು ಗೊಣಗುವುದರಲ್ಲಿ ನ್ಯಾಯವಿಲ್ಲ. ಕೊಳ್ಳುವ ಮನಸ್ಸಿಲ್ಲದಿದ್ದರೆ ಮುಖ ನೋಡಿ ಒಂದೇ ಸಲ ಬೇಡ ಎನ್ನಬೇಕು. ಸಾಮಾನು ಮುಟ್ಟಬಾರದು, ‘ಎಷ್ಟು?’ ಎಂದು ಕೇಳಬಾರದು. ಮರಳಿನ ಮೇಲೆ ‘ಎಷ್ಟು?’ ಎಂದರೆ ಅರ್ಧ ವ್ಯಾಪಾರ ಆದಂತೆ.

‘ಬೋಣಿ ಆಗಿಲ್ಲ ಸರ್’ ಎಂಬ ಮಾತನ್ನೂ ಪ್ರವಾಸಿಗರು ನಂಬುವುದಿಲ್ಲ. ಸಂಜೆ ಐದು ಗಂಟೆಗೆ ಎಂಥ ಬೋಣಿ ಎಂದು ಪರಸ್ಪರ ನೋಡಿ ನಗುತ್ತಾರೆ. ಆದರೆ ದಂಡೆಯ ಗಡಿಯಾರ ಪೇಟೆಯದಲ್ಲ. ಮಧ್ಯಾಹ್ನ ಒಣಮರಳು ಅಂಗಾಲು ಸುಡುತ್ತಿರುತ್ತದೆ, ಜನ ಬರುವುದು ಬಿಸಿಲು ಇಳಿದ ಮೇಲೆ. ಸೂರ್ಯ ಮುಳುಗುವುದು ಡಿಸೆಂಬರಿನಲ್ಲಿ ಆರರ ಸುಮಾರಿಗೆ, ಮೇ ತಿಂಗಳಲ್ಲಿ ಏಳರ ಹತ್ತಿರ. ಕತ್ತಲಾದ ಅರ್ಧ ಗಂಟೆಗೆ ದಂಡೆ ಖಾಲಿ. ಅಂದರೆ ವ್ಯಾಪಾರ ದಿನಕ್ಕೆ ಎರಡೂವರೆ ಗಂಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಬ್ಬರದ ಅಲೆ. ಆ ನಾಲ್ಕು ತಿಂಗಳು ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ಉಳಿದ ಎಂಟು ತಿಂಗಳೆಂದರೆ ಸುಮಾರು 35 ವಾರ. ಜನ ತುಂಬುವುದು ಶನಿವಾರ, ಭಾನುವಾರ. ಹಬ್ಬದ ರಜೆಗಳನ್ನು ಬಿಟ್ಟರೆ 70 ದಿನ. ಗುಣಿಸಿದರೆ ವರ್ಷಕ್ಕೆ 175 ಗಂಟೆಯ ಭರ್ತಿ ವ್ಯಾಪಾರ. ದಿನಕ್ಕೆ ಎಂಟು ಗಂಟೆ ದುಡಿಯುವ ಕಚೇರಿಯವರು ಇಷ್ಟನ್ನು ಒಂದೇ ತಿಂಗಳಲ್ಲಿ ಮುಗಿಸುತ್ತಾರೆ. ಐದು ಗಂಟೆಯ ಬೋಣಿ ನಿಜವಾದ ಬೋಣಿಯೇ. ಆ ಹತ್ತರ ನೋಟನ್ನು ಕಣ್ಣಿಗೊತ್ತಿಕೊಳ್ಳುವುದೂ ನಾಟಕವಲ್ಲ.

ಇನ್ನೊಂದು ದೂರು: ‘ಸಮುದ್ರಕ್ಕೆ ಅಡ್ಡ ಬಂದು ನಿಲ್ತಾರೆ.’ ಬಂದು ನಿಲ್ಲುವುದು ನಿಜ. ಕಾರಣ ಮರಳಿನಲ್ಲಿದೆ. ಒಣಮರಳಿನಲ್ಲಿ ಹೊರೆ ಹೊತ್ತು ನಡೆದರೆ ಹೆಜ್ಜೆಹೆಜ್ಜೆಗೂ ಪಾದ ಹೂತು ಮೀನಖಂಡ ಸೋಲುತ್ತದೆ. ಅಲೆ ತೊಯ್ಯಿಸಿದ ಅಂಚು ಮಾತ್ರ ಗಟ್ಟಿ, ತಂಪು. ಆದ್ದರಿಂದ ತಿರುಗಾಡಿ ಮಾರುವವರು ನೀರಿನಂಚಿನಲ್ಲೇ ನಡೆಯುತ್ತಾರೆ, ನಮ್ಮ ಕಡೆಗೆ ತಿರುಗುವುದೂ ಅಲ್ಲಿಂದಲೇ. ಸುಟ್ಟ ಜೋಳದವನು ಮಾತ್ರ ಹಿಂದೆ, ರಸ್ತೆಯ ಅಂಚಿಗೆ ಇರುತ್ತಾನೆ. ಸಂಜೆಯ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಒಲೆ ಮುಂದಿದ್ದರೆ ಹೊಗೆಯೆಲ್ಲ ಕುಳಿತವರ ಕಣ್ಣಿಗೆ. ಅದೇ ಗಾಳಿ ಕೆಂಡವನ್ನು ಒಂದೇ ಮಗ್ಗುಲಿನಿಂದ ಊದಿ ಬೇಗ ಬೂದಿ ಮಾಡುತ್ತದೆಂದು ಗಾಡಿಯ ಪಡುವಣಕ್ಕೆ ಒಂದು ತಗಡಿನ ಮರೆ.

ಚರುಮುರಿಯವನನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಮೈಸೂರಿನವರಿಗೆ ಚುರುಮುರಿ, ಧಾರವಾಡದವರಿಗೆ ಗಿರ್ಮಿಟ್ ನೆನಪಾದರೂ ಕರಾವಳಿಯದರ ಜೀವ ತೆಂಗಿನೆಣ್ಣೆಯಲ್ಲಿದೆ. ಸ್ಟೀಲ್ ಡಬರಿಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಕಾಲ ಬಂದಾಗ ಮಾವಿನಕಾಯಿ. ಅದರ ಮೇಲೆ ಖಾರದ ಪುಡಿ, ಒಂದು ಚಮಚ ಎಣ್ಣೆ, ಹುರಿದ ನೆಲಗಡಲೆ. ಉಪ್ಪು ಕೊನೆಗೆ ಬೀಳುತ್ತದೆ. ಮೊದಲೇ ಹಾಕಿದರೆ ಈರುಳ್ಳಿ, ಟೊಮೆಟೊ ನೀರು ಬಿಡುತ್ತವೆ. ಆಮೇಲೆ ಮೂರು ಹಿಡಿ ಮಂಡಕ್ಕಿ, ಚಮಚದ ಟಕಟಕ, ಮೇಲೆ ನಿಂಬೆ ಹಿಂಡಿ ಕಾಗದದ ಸುರುಳಿಗೆ. ಎಣ್ಣೆ ಮಂಡಕ್ಕಿಗೆ ಹಚ್ಚಿಕೊಂಡರೆ ನೀರು ಹೀರುವುದು ತುಸು ತಡವಾಗುತ್ತದೆ, ಅಷ್ಟೇ, ನಿಲ್ಲುವುದಿಲ್ಲ. ಗರಿಗರಿಯ ಆಯುಸ್ಸು ಮೂರು ನಾಲ್ಕು ನಿಮಿಷ. ಕಡಲಗಾಳಿಯ ತೇವಕ್ಕೆ ಒಣ ಮಂಡಕ್ಕಿಯೂ ಮೆತ್ತಗಾಗುತ್ತದೆಂದು ಅವನು ಡಬ್ಬದೊಳಗೆ ಪ್ಲಾಸ್ಟಿಕ್ ಚೀಲ ಇಟ್ಟು, ಪ್ರತಿ ಸಲ ಬಾಯಿ ತಿರುಚಿ ಮುಚ್ಚುತ್ತಿರುತ್ತಾನೆ. ಇಷ್ಟೆಲ್ಲ ಜತನ ಮಾಡಿ ಕೊಟ್ಟ ಪೊಟ್ಟಣವನ್ನು ಪ್ರವಾಸಿಗರು ಏನು ಮಾಡುತ್ತಾರೆ? ಸೂರ್ಯನ ಎದುರು ಹಿಡಿದು ಫೋಟೊ ತೆಗೆಯುತ್ತಾರೆ. ಸೂರ್ಯ ಪೊಟ್ಟಣದ ಬಾಯೊಳಗೆ ಸರಿಯಾಗಿ ಕೂರಬೇಕು. ನಾಲ್ಕು ಸಲ ತೆಗೆಯುತ್ತಾರೆ. ಐದನೇ ನಿಮಿಷಕ್ಕೆ ಬಾಯಿಗೆ ಹಾಕಿಕೊಂಡು ‘ಮೆತ್ತಗಿದೆ, ಹಳೇ ಮಂಡಕ್ಕಿ’ ಎಂದು ತೀರ್ಪು ಕೊಡುತ್ತಾರೆ.

‘ಬೊಂಡ ಬೇಕಾ?’ ಎಂದು ಕೇಳಿದವನ ಹತ್ತಿರ ಬೆಂಗಳೂರಿನ ಮಕ್ಕಳು ಚಟ್ನಿ ಕೇಳುವುದು ಈ ಕಡೆಯ ಹಳೆಯ ತಮಾಷೆ. ಬೊಂಡ ಎಂದರೆ ಇಲ್ಲಿ ಎಳನೀರು. ದರ ಕೇಳಿ ಹುಬ್ಬೇರಿಸುವವರು ಒಂದನ್ನು ಕೈಯಲ್ಲಿ ಎತ್ತಿ ನೋಡಲಿ: ಸಿಪ್ಪೆ ಸಮೇತ ಒಂದೂವರೆಯಿಂದ ಎರಡು ಕಿಲೋ. ಮೂವತ್ತು ಬೊಂಡ ಎಂದರೆ ಸುಮಾರು ಐವತ್ತು ಕಿಲೋ, ಮತ್ತದು ಗಾಡಿಯ ಚಕ್ರ ಹೂಳುವ ಮರಳಿನಲ್ಲಿ. ಕುಡಿದಾದ ಮೇಲೆ ಭಾರ ಹೆಚ್ಚೇನೂ ಇಳಿಯುವುದಿಲ್ಲ. ನೀರು ನಮ್ಮದು, ಸಿಪ್ಪೆ ಅವನದು. ಗಂಜಿ ತೆಗೆದುಕೊಡುವ ನೆಪದಲ್ಲಿ ಸಿಪ್ಪೆಯನ್ನು ಎರಡು ಹೋಳು ಮಾಡುತ್ತಾನಲ್ಲ, ಅದರಿಂದ ಇನ್ನೊಂದು ಉಪಯೋಗವಿದೆ. ಇಡಿಯಾಗಿ ಬಿಸಾಕಿದ ಬೊಂಡದಲ್ಲಿ ಮಳೆನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಗಂಜಿ ಬೇಡ ಎಂದು ಸ್ಟ್ರಾ ಸಮೇತ ಅಲ್ಲೇ ಮರಳಲ್ಲಿ ಹೂತು ಹೋಗುವವರಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ.

ಗೋವಾದ ಕಥೆ ಸ್ವಲ್ಪ ಬೇರೆ. ಅಂಜುನಾ, ಬಾಗಾ, ಕಲಂಗುಟ್ ದಂಡೆಗಳಲ್ಲಿ ಕನ್ನಡಿಯ ಚೀಲ, ಕಾಲ್ಗೆಜ್ಜೆ, ಹಾಸುಬಟ್ಟೆ ಹೊತ್ತು ತಿರುಗುವ ಹೆಂಗಸರಲ್ಲಿ ಎಷ್ಟೋ ಮಂದಿ ವಿಜಯಪುರ, ಗದಗ, ಹಾವೇರಿ ಕಡೆಯ ತಾಂಡಾಗಳ ಲಂಬಾಣಿಗಳು. ಮನೆಯಲ್ಲಿ ಲಂಬಾಣಿ, ಊರಲ್ಲಿ ಕನ್ನಡ, ದಂಡೆಯಲ್ಲಿ ಹಿಂದಿ, ಕೊಂಕಣಿ, ವ್ಯಾಪಾರಕ್ಕೆ ಸಾಲುವಷ್ಟು ಇಂಗ್ಲಿಷ್, ಒಂದಿಷ್ಟು ರಷ್ಯನ್. ಬೆಂಗಳೂರಿನವರು ಇವರ ಹತ್ತಿರ ಹರುಕುಮುರುಕು ಹಿಂದಿಯಲ್ಲಿ ಚೌಕಾಸಿ ಮಾಡಿ, ನಡುವೆ ತಮ್ಮತಮ್ಮಲ್ಲೇ ‘ನೂರಕ್ಕೆ ಕೊಡ್ತಾಳೆ, ಬಿಡಬೇಡ’ ಎಂದು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಾರೆ. ಅವಳು ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ‘ಇಲ್ರೀ ಅಕ್ಕಾ, ನೂರಕ್ಕ ಬರೂದಿಲ್ಲ’ ಎಂದು ಬಾಯಿಬಿಡುವುದು ಕೊನೆಯಲ್ಲಿ.

ನಿಂತು ಮಾತಾಡಿಸಿದರೆ ಬೇಡ ಬೇಗ ಬರುತ್ತದೆಂದು ಅವರು ಒರಗುಕುರ್ಚಿಯ ಪಕ್ಕ ಮರಳಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಮೊದಲು ಐದೇ ಸರ ಹರಡುತ್ತಾರೆ, ಕಣ್ಣು ಎಲ್ಲಿ ನಿಂತಿತೆಂದು ನೋಡಿ ಆ ಜಾತಿಯ ಇನ್ನೂ ಹತ್ತು ಹೊರಗೆ. ‘ಸುಮ್ನೆ ನೋಡ್ರಿ’ ಎಂದು ಕಾಲಿಗೆ ದಾರ ಕಟ್ಟಲು ಬಂದರೆ ಕಾಲು ಹಿಂದಕ್ಕೆಳೆದುಕೊಳ್ಳಬೇಕು. ಒದ್ದೆ ದಾರದ ಗಂಟು ಬಿಚ್ಚುವುದಿಲ್ಲ. ಮಾತಾಡುವಾಗ ಅವರ ಕಣ್ಣು ಆಚೀಚೆ ಓಡುತ್ತಿರುತ್ತದೆ. ‘ಏನೋ ಮೋಸ ಇದೆ’ ಎಂದು ಪ್ರವಾಸಿಗರು ಅನುಮಾನಿಸುವುದು ಇಲ್ಲೇ. ಅವರು ನೋಡುತ್ತಿರುವುದು ಪೊಲೀಸರ ದಾರಿ. ದಂಡೆಯಲ್ಲಿ ಹೀಗೆ ತಿರುಗಿ ಮಾರುವುದು ಗೋವಾದಲ್ಲಿ ಪ್ರವಾಸಿ ತಾಣಗಳ 2001ರ ಕಾಯ್ದೆಯ ಪ್ರಕಾರ ತಪ್ಪು. 2025ರ ತಿದ್ದುಪಡಿಯ ನಂತರ ದಂಡ 1 ಲಕ್ಷ ರೂಪಾಯಿವರೆಗೂ ಹೋಗಬಹುದು. ಬೀದಿ ವ್ಯಾಪಾರಿಗಳ ಬದುಕನ್ನು ಕಾಯಲೆಂದು 2014ರಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ, ಅದರಲ್ಲಿ ವ್ಯಾಪಾರಿಗಳಿಗೇ ಶೇಕಡ 40 ಸ್ಥಾನ ಎಂದೆಲ್ಲ ಇದೆ. ಒಂದು ಕಾಯ್ದೆ ಕೂರಿಸುತ್ತದೆ, ಇನ್ನೊಂದು ಎಬ್ಬಿಸುತ್ತದೆ. ಜೀಪು ಕಂಡದ್ದೇ ಅರ್ಧ ಚೌಕಾಸಿಯಲ್ಲಿ ನಮ್ಮ ಐನೂರರ ನೋಟಿನ ಸಮೇತ ಅವಳು ಮಾಯವಾದರೆ ಗಾಬರಿ ಬೇಡ. ಚಿಲ್ಲರೆ ಬರುತ್ತದೆ, ನಾಳೆಯೂ ಅವಳು ಇದೇ ದಂಡೆಗೆ ಬರಬೇಕಲ್ಲ.

ಮೋಸ ಇಲ್ಲವೇ ಎಂದರೆ, ಧಾರಾಳವಾಗಿ ಇದೆ. ಕೈಕಸೂತಿ ಎಂದು ಮಾರುವ ಚೀಲಗಳಲ್ಲಿ ಬಹಳಷ್ಟು ಯಂತ್ರದವು. ಚೀಲವನ್ನು ಒಳಮೈ ತಿರುಗಿಸಿದರೆ ಗೊತ್ತಾಗುತ್ತದೆ: ಹಿಂದೆ ಗಂಟು, ಅಡ್ಡಾದಿಡ್ಡಿ ಎಳೆ ಇದ್ದರೆ ಕೈಯದು, ಒಂದೇ ಸಮನೆ ಬಿಳಿ ಅಡಿದಾರ ಓಡಿದ್ದರೆ ಯಂತ್ರದ್ದು. ಕೈಕೆಲಸದಲ್ಲಿ ಕನ್ನಡಿಯನ್ನು ಸುತ್ತಲಿನ ಹೊಲಿಗೆಯೇ ಹಿಡಿದಿರುತ್ತದೆ. ಅಂಟು ಹಾಕಿದ್ದರೆ ಉಗುರಿಗೆ ಏಳುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅಂಥದ್ದು ನೂರು ರೂಪಾಯಿಗೆ ಬರುವುದಿಲ್ಲ. ಮುತ್ತಿನ ಸರವಾದರೆ ಎರಡು ಮುತ್ತು ತಿಕ್ಕಬೇಕು. ನಿಜವಾದದ್ದು ಸಣ್ಣ ರವೆಯಂತೆ ಕರಕರ ಎನ್ನುತ್ತದೆ, ನಕಲಿ ಜಾರುತ್ತದೆ. ‘ಬ್ಲ್ಯಾಕ್ ಮೆಹಂದಿ’ಯನ್ನು ಮಾತ್ರ ಯಾವ ದರಕ್ಕೂ ಹಾಕಿಸಿಕೊಳ್ಳಬಾರದು. ಗೋರಂಟಿ ಕೇಸರಿಯಿಂದ ಕಂದಾಗಲು ಒಂದೆರಡು ದಿನ ಬೇಕು. ಅರ್ಧ ಗಂಟೆಯಲ್ಲಿ ಕಪ್ಪಾಯಿತೆಂದರೆ ಅದರಲ್ಲಿರುವುದು ತಲೆಗೂದಲಿನ ಬಣ್ಣದ ರಾಸಾಯನಿಕ. ಅದು ಕೆಲವರಿಗೆ ಬೊಬ್ಬೆ ಏಳಿಸುತ್ತದೆ, ಕಲೆ ಉಳಿಯುತ್ತದೆ. ಹವಳದ ತುಂಡು ಚೆಂದ ಕಂಡರೂ ಬೇಡ: ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ಹುಲಿಗಿರುವಷ್ಟೇ ರಕ್ಷಣೆ.

ಚೌಕಾಸಿಯಲ್ಲಿ ಪ್ರವಾಸಿಗರ ದೊಡ್ಡ ಅಸ್ತ್ರ ಎದ್ದು ಹೊರಡುವುದು. ಪೇಟೆಯ ಕಾಂಕ್ರೀಟ್ ಮೇಲೆ ಇದು ನಡೆಯುತ್ತದೆ. ನಾಲ್ಕು ಬಿರುಹೆಜ್ಜೆ ಹಾಕಿದರೆ ‘ಬನ್ನಿ ಸರ್, ಬನ್ನಿ’ ಎಂಬ ಕರೆ. ಒಣಮರಳಿನಲ್ಲಿ ಬಿರುಸಾಗಿ ನಡೆಯುವುದು ಮನುಷ್ಯಮಾತ್ರರಿಗೆ ಆಗದು. ಚಪ್ಪಲಿ ಹೂತು, ಹಿಮ್ಮಡಿ ಜಾರಿ, ಸಿಟ್ಟಿನ ನಿರ್ಗಮನವೆಲ್ಲ ಬಾತುಕೋಳಿಯ ನಡಿಗೆಯಾಗುತ್ತದೆ. ಮಾರುವವನು ಕರೆಯುವ ಗೋಜಿಗೆ ಹೋಗದೆ ನಗುತ್ತಾ ಕಾಯುತ್ತಾನೆ. ಕೊನೆಗೆ ದರ ಕುದುರಿದರೂ ಹಣ ಕೊಡುವುದು ಸಲೀಸಲ್ಲ: ಒದ್ದೆ ಬೆರಳಿಗೆ ಮೊಬೈಲ್ ಪರದೆ ಮಣಿಯುವುದಿಲ್ಲ, ಒರೆಸೋಣವೆಂದರೆ ಉಟ್ಟ ಬಟ್ಟೆಯೂ ಒದ್ದೆ, ಕ್ಯೂಆರ್ ಹಲಗೆಯ ಮೇಲೆ ಉಪ್ಪಿನ ಪೊರೆ. ಅವನೇ ಹೆಗಲ ಟವೆಲ್ಲಿನಿಂದ ಎರಡನ್ನೂ ಒರೆಸಿಕೊಡುತ್ತಾನೆ.

ಇಷ್ಟು ಹೊತ್ತು ‘ಹತ್ತು ರೂಪಾಯಿ ಜಾಸ್ತಿ ಹೇಳ್ತಿದ್ದಾನೆ, ಹುಷಾರು’ ಎನ್ನುತ್ತಿದ್ದ ಸಂಸಾರ ನೀರಿಗಿಳಿಯುವ ಹೊತ್ತಾಗುತ್ತದೆ. ಕಾರಿನ ಕೀಲಿ, ಎರಡು ಮೊಬೈಲು, ಪರ್ಸು, ಆರು ಜೊತೆ ಚಪ್ಪಲಿ. ಸುತ್ತ ನೋಡಿ ಸೀದಾ ಚರುಮುರಿ ಗಾಡಿಗೆ ಬರುತ್ತಾರೆ. ‘ಅಣ್ಣಾ, ಸ್ವಲ್ಪ ನೋಡ್ಕೊಳ್ತೀರಾ?’ ಅವನು ಬೇಡ ಎನ್ನುವುದಿಲ್ಲ. ಮೊಬೈಲುಗಳು ಮಂಡಕ್ಕಿ ಡಬ್ಬದ ಹಿಂದೆ ಹೋಗುತ್ತವೆ, ಚಪ್ಪಲಿ ಗಾಡಿಯ ಅಡಿಗೆ. ಕತ್ತಲಾದ ಮೇಲೆ ಮೈಯೆಲ್ಲ ಮರಳು ಮಾಡಿಕೊಂಡು ಬಂದು ಅವಸರದಲ್ಲಿ ಎತ್ತಿಕೊಂಡು ಹೊರಡುತ್ತಾರೆ. ಗಾಡಿಯ ಅಡಿ ಹಲಗೆಯ ಮೇಲೆ, ನಿಂಬೆಹಣ್ಣಿನ ಚೀಲದ ಪಕ್ಕ, ಒಂದು ಬುಟ್ಟಿ ಇರುತ್ತದೆ: ಒಂಟಿ ಓಲೆ, ಕೂದಲಿನ ಕ್ಲಿಪ್ಪು, ಕನ್ನಡಕದ ಪೆಟ್ಟಿಗೆ, ಮಗುವಿನ ಎಡಗಾಲಿನ ಕೆಂಪು ಚಪ್ಪಲಿ.