ಊರು ಹೇಳದ ಕಲ್ಲು

ನಮ್ಮ ಕಾಸರಗೋಡಿನ ಕಡೆ ಹೊಸಬರು ಸಿಕ್ಕಿದರೆ ಮೊದಲು ಹೆಸರು ಕೇಳುವ ಕ್ರಮ ಇಲ್ಲ. ಎಲ್ಲಿಯವರು, ಯಾವ ಮನೆಯವರು ಅಂತ ಕೇಳುತ್ತೇವೆ. ಅದು ಗೊತ್ತಾದರೆ ಮತ್ತೆಲ್ಲ ತಾನಾಗಿ ಗೊತ್ತಾಗುತ್ತದೆ. ಪಳೆಯುಳಿಕೆಯ ಗುರುತು ಹಿಡಿಯುವುದೂ ಹೀಗೆಯೇ. ಆದರೆ ಜಲ್ಲಿಯಲ್ಲಿ ಸಿಕ್ಕಿದ ಪಳೆಯುಳಿಕೆಗೆ ಊರೇ ಇರುವುದಿಲ್ಲ, ಅಲ್ವಾ?

ಹೂವಿನ ಚಟ್ಟಿಗೆ ಹಾಕಲು ಬದಿಯಡ್ಕದಿಂದ ಒಂದು ಚೀಲ ನುಣುಪು ಕಲ್ಲು ತಂದಿದ್ದೆ. ತೊಳೆಯುವಾಗ ಅದರ ಮಧ್ಯೆ ಒಂದು ಸಣ್ಣ ಬಿಲ್ಲೆ ಕಂಡಿತು. ಅಗಲ ಆರು ಮಿಲಿಮೀಟರ್ ಇರಬಹುದು. ನಡುವೆ ತೂತು, ತೂತಿನ ಸುತ್ತ ಅಂಚಿನವರೆಗೂ ಸಣ್ಣ ಸಣ್ಣ ಗೀರು. ಅಮ್ಮ ನೋಡಿ, "ಯಾರದ್ದೋ ಸರದಿಂದ ಬಿದ್ದ ಮಣಿ" ಅಂದರು. ಫೋನಿನ ಆ್ಯಪ್ ಅದನ್ನು ಅಂಗಿಯ ಗುಂಡಿ ಎಂದಿತು. ಫೋಟೋಕ್ಕಿಂತ ಅಮ್ಮನ ಕಣ್ಣೇ ಸ್ವಲ್ಪ ವಾಸಿ.

ಇದು ನಮ್ಮ ಊರಿನ ಕೋರೆಯ ಜಲ್ಲಿಯಾಗಿದ್ದರೆ ಯೋಚನೆಯೇ ಬೇಡವಿತ್ತು. ನಮ್ಮ ಕರಿಕಲ್ಲು ನೆಲದಾಳದ ಶಾಖದಲ್ಲಿ, ಒತ್ತಡದಲ್ಲಿ ಆದದ್ದು. ಚಿಪ್ಪು, ಮೂಳೆ ಇರುವ ಜೀವಿಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನದು. ಅದರೊಳಗೆ ಪಳೆಯುಳಿಕೆ ಹುಡುಕುವುದೆಂದರೆ ಸುಮ್ನೆ ಕಣ್ಣು ನೋಯಿಸಿಕೊಳ್ಳುವುದು. ಮುರಕಲ್ಲಿನ ತೂತುಗಳನ್ನು ನೋಡಿ ಹುಳದ ಗೂಡು ಅಂದುಕೊಳ್ಳುವವರಿದ್ದಾರೆ. ಅದೂ ಅಲ್ಲ. ಮಳೆನೀರು ಇಳಿದಿಳಿದು ಮೆದು ಮಣ್ಣು ಕರಗಿ ಹೋಗಿ ಕಬ್ಬಿಣದ ಅಂಶ ಗಟ್ಟಿಯಾಗಿ ಉಳಿದದ್ದು ಅಷ್ಟೆ. ಆದರೆ ಈ ನುಣುಪು ಕಲ್ಲು ಎಲ್ಲಿಂದ ಬಂತು? ಅಂಗಡಿಯವರನ್ನು ಕೇಳಿದರೆ "ಗುಜರಾತ್" ಅಂದರು. ಹೆಚ್ಚು ಕೇಳಿದ್ದಕ್ಕೆ "ಲಾರಿಯಲ್ಲಿ ಬರುತ್ತದೆ" ಅಂದರು. ಗುಜರಾತ್ ಹೌದಾದರೆ ಆಸೆ ಪಡಬಹುದು. ಕಚ್ಛ್‌ನಲ್ಲಿ ಜುರಾಸಿಕ್ ಕಾಲದ ಕಡಲಿನ ಕಲ್ಲುಗಳಿವೆ, ಅವುಗಳಲ್ಲಿ ಪಳೆಯುಳಿಕೆಗಳು ಧಾರಾಳ.

ಊರು ಪೂರ್ತಿ ತಿಳಿಯದಿದ್ದರೆ ಮೈಯನ್ನೇ ನೋಡಬೇಕು. ನೋಡುವುದಕ್ಕೂ ಒಂದು ರೀತಿ ಇದೆ. ಅಕ್ಕಸಾಲಿಗರ ಹತ್ತಿರ ಇರುತ್ತದಲ್ಲ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕನ್ನಡಿ, ಅದು ಸಾಕು. ಬೆಳಕು ಮೇಲಿನಿಂದ ಬೀಳಬಾರದು, ಬದಿಯಿಂದ ಓರೆಯಾಗಿ ಬೀಳಬೇಕು, ಆಗ ಗೀರುಗಳ ನೆರಳು ಬಿದ್ದು ಎಲ್ಲ ಎದ್ದು ಕಾಣುತ್ತದೆ. ಫೋಟೋ ತೆಗೆಯುವುದಾದರೆ ಎರಡು ಮುಖವೂ ಬೇಕು, ಅಂಚೂ ಬೇಕು, ಪಕ್ಕದಲ್ಲಿ ಸ್ಕೇಲ್ ಇಡಬೇಕು. ಬೆರಳ ಮೇಲೆ ಇಟ್ಟು ತೆಗೆದರೆ ಅಳತೆ ಯಾರಿಗೂ ಗೊತ್ತಾಗುವುದಿಲ್ಲ. ನಿಂಬೆರಸದ ಪರೀಕ್ಷೆಯೂ ಇದೆ: ಸುಣ್ಣದ ಕಲ್ಲಾದರೆ ಸಣ್ಣಗೆ ನೊರೆ ಬರುತ್ತದೆ. ಅದನ್ನು ಸಿಕ್ಕಿದ ವಸ್ತುವಿನ ಮೇಲೆಯೇ ಮಾಡಬೇಡಿ, ಗೀರೆಲ್ಲ ಸವೆದು ಹೋದೀತು.

ಕನ್ನಡಿಯಲ್ಲಿ ನೋಡಿದಾಗ ತೂತು ಪೂರಾ ದುಂಡಗಿರಲಿಲ್ಲ, ಐದು ಮೂಲೆ ಇತ್ತು. ನನಗೆ ಖುಷಿಯಾದದ್ದು ಅಲ್ಲಿಯೇ. ಮಣಿ ಮಾಡುವವರು ಐದು ಮೂಲೆಯ ತೂತು ಯಾಕೆ ಕೊರೆಯುತ್ತಾರೆ? ಐದರ ಲೆಕ್ಕ ನಕ್ಷತ್ರಮೀನಿನ ಬಳಗದ್ದು. ಅಂಚಿನಲ್ಲಿ ಸ್ವಲ್ಪ ಒಡೆದ ಜಾಗ ಚಪ್ಪಟೆಯಾಗಿ ಫಳಕ್ಕನೆ ಹೊಳೆಯುತ್ತಿತ್ತು. ಆ ಬಳಗದ ಜೀವಿಗಳ ಒಂದೊಂದು ಬಿಲ್ಲೆಯೂ ಸುಣ್ಣದ ಒಂದೇ ಹರಳು, ಹಾಗಾಗಿ ಒಡೆದಾಗ ಹೀಗೆ ಹೊಳೆಯುತ್ತದೆ. ಇದು ಕ್ರಿನಾಯ್ಡ್ ಅನ್ನುವ ಕಡಲಜೀವಿಯ ದಂಟಿನ ಒಂದು ತುಂಡು. ನೋಡಲು ಹೂವಿನ ಹಾಗೆ, ಆದರೆ ಪ್ರಾಣಿ. ಬಿಲ್ಲೆಯ ಮೇಲೆ ಬಿಲ್ಲೆ ಸೇರಿ ದಂಟು ಆಗುತ್ತದೆ, ಗೀರುಗಳು ಒಂದಕ್ಕೊಂದು ಹಿಡಿದುಕೊಳ್ಳುವುದಕ್ಕೆ. ಸತ್ತ ಮೇಲೆ ಎಲ್ಲ ಕಳಚಿ ಕಡಲಿನ ತಳದಲ್ಲಿ ಚೆಲ್ಲಿಹೋಗುತ್ತದೆ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ಇವನ್ನು ಸಂತ ಕತ್ಬರ್ಟನ ಮಣಿಗಳು ಅನ್ನುತ್ತಾರೆ. ಜಪಸರ ಪೋಣಿಸುತ್ತಿದ್ದರಂತೆ. ಅಮ್ಮ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ!

ಯಾವ ಜಾತಿಯ ಕ್ರಿನಾಯ್ಡ್ ಎಂದು ಕೇಳಿದರೆ ಉತ್ತರ ಇಲ್ಲ. ಒಂದೇ ಬಿಲ್ಲೆಯಿಂದ ಸಾಮಾನ್ಯವಾಗಿ ಅಷ್ಟು ಹೇಳಲಾಗದು, ತಲೆಯ ಭಾಗ ಬೇಕು. ಬಿಡಿ ಬಿಲ್ಲೆಗಳಿಗೆ ವಿಜ್ಞಾನಿಗಳು ಬೇರೆಯೇ ಹೆಸರು ಇಟ್ಟುಕೊಂಡು ಕೆಲಸ ಸಾಗಿಸುತ್ತಾರೆ. ನನಗೆ ಇಷ್ಟು ಸಾಕು.

ಇಷ್ಟೆಲ್ಲ ವಿವರಿಸಿದ ಮೇಲೆ ಅಮ್ಮ ಕೇಳಿದರು, "ದೇವರಕೋಣೆಯ ಸಾಲಿಗ್ರಾಮವೂ ಹೀಗೆಯೇನಾ?" ಹೌದು. ನೇಪಾಳದ ಗಂಡಕಿಯಲ್ಲಿ ಸಿಗುವ ಚಕ್ರದ ಸಾಲಿಗ್ರಾಮದೊಳಗೆ ಇರುವುದು ಅಮೊನೈಟ್ ಅನ್ನುವ ಹಳೆಯ ಕಡಲಜೀವಿಯ ಚಿಪ್ಪಿನ ಸುರುಳಿ. ಹಿಮಾಲಯ ಇರುವ ಕಡೆ ಮೊದಲು ಕಡಲಿತ್ತು. ಅಮೊನೈಟ್‌ಗಳು ಡೈನೋಸಾರ್‌ಗಳ ಕಾಲ ಮುಗಿಯುವ ಹೊತ್ತಿಗೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಾಶವಾದವು, ಕ್ರಿನಾಯ್ಡ್‌ಗಳು ಈಗಲೂ ಕಡಲಲ್ಲಿವೆ. ಅಷ್ಟಕ್ಕೇ ನಿಲ್ಲಿಸಿದೆ. ಅಮೊನೈಟ್ ಬೊಂಡಾಸಿನ, ಅಂದರೆ ಸ್ಕ್ವಿಡ್ಡಿನ, ಬಳಗದ್ದು ಅಂತ ಮಾತ್ರ ಬಾಯಿ ಬಿಡಲಿಲ್ಲ, ನಮ್ಮದು ಮೀನು ಒಳಗೆ ಬರದ ಮನೆ.

ಬಿಲ್ಲೆಯನ್ನು ಕಡ್ಡಿಪೆಟ್ಟಿಗೆಯಲ್ಲಿ ಹತ್ತಿ ಹಾಕಿ ಇಟ್ಟಿದ್ದೇನೆ, ಎಲ್ಲಿ ಕೊಂಡದ್ದು, ಯಾವಾಗ ಅಂತ ಚೀಟಿಯನ್ನೂ ಬರೆದು. ಉಳಿದ ಚೀಲವನ್ನು ಇನ್ನೂ ಹುಡುಕಿ ಮುಗಿದಿಲ್ಲ. ಚಟ್ಟಿಗಳು ಹಾಗೆಯೇ ಇವೆ. ಇನ್ನೊಂದು ಚೀಲ ತರುವ ಯೋಚನೆಯೂ ಇದೆ. ಅಂಗಡಿಯವರಿಗೆ ವಿಷಯ ಹೇಳಿಲ್ಲ, ರೇಟ್ ಜಾಸ್ತಿ ಮಾಡಿಯಾರು.