ಟ್ರಾನ್ಸ್‌ನಿಸ್ಟ್ರಿಯಾದ ಲಾಂಛನದಲ್ಲಿರುವ ನದಿ

ಮಾಲ್ಡೋವಾದಿಂದ ಬೇರೆಯಾಗಿ ತನ್ನದೇ ಆಡಳಿತ ನಡೆಸುತ್ತಿರುವ, ಆದರೆ ಜಗತ್ತು ದೇಶವೆಂದು ಮಾನ್ಯ ಮಾಡದ ಟ್ರಾನ್ಸ್‌ನಿಸ್ಟ್ರಿಯಾದ ಬಗ್ಗೆ ಯಾರೇ ಬರೆಯಲಿ, ‘ಸೋವಿಯತ್ ಒಕ್ಕೂಟ ಇನ್ನೂ ಬದುಕಿರುವ ಜಾಗ’ ಎಂಬ ಮಾತು ಬಂದೇ ಬರುತ್ತದೆ, ಅದಕ್ಕೆ ಸಾಕ್ಷಿಯಾಗಿ ಅಲ್ಲಿನ ಲಾಂಛನದಲ್ಲಿರುವ ಸುತ್ತಿಗೆ, ಕುಡುಗೋಲುಗಳನ್ನು ತೋರಿಸುತ್ತಾರೆ. ಈ ಓದು ಅವಸರದ್ದು ಎಂದು ನನಗೆ ಅನ್ನಿಸುತ್ತದೆ. ಆ ಲಾಂಛನವನ್ನು ಹಳೆಯ ಮಾಲ್ಡೇವಿಯಾ (ಇಂದಿನ ಮಾಲ್ಡೋವಾ) ಸೋವಿಯತ್ ಗಣರಾಜ್ಯದ ಲಾಂಛನದ ಪಕ್ಕದಲ್ಲಿಟ್ಟು ನೋಡಿದವರಿಗೆ ಅದು ಕಮ್ಯುನಿಸಂಗಿಂತ ಹೆಚ್ಚಾಗಿ ಒಂದು ಗಡಿಯ ಬಗ್ಗೆ ಮಾತನಾಡುತ್ತಿದೆ ಎಂಬುದು ತಿಳಿಯುತ್ತದೆ.

ಎರಡರಲ್ಲೂ ಉದಯಿಸುತ್ತಿರುವ ಸೂರ್ಯನಿದ್ದಾನೆ, ಅವನ ಕಿರಣಗಳ ನಡುವೆ ಸುತ್ತಿಗೆ ಮತ್ತು ಕುಡುಗೋಲು, ನೆತ್ತಿಯ ಮೇಲೆ ಕೆಂಪು ನಕ್ಷತ್ರ, ಸುತ್ತಲೂ ಗೋಧಿ ಮತ್ತು ಮೆಕ್ಕೆಜೋಳದ ತೆನೆ, ಹಣ್ಣುಗಳು, ದ್ರಾಕ್ಷಿ ಗೊಂಚಲು. ಇದು ಮಾಸ್ಕೋ ಎಲ್ಲ ಗಣರಾಜ್ಯಗಳಿಗೂ ಹಂಚಿದ್ದ ಅಚ್ಚು. ಉಜ್ಬೆಕಿಸ್ತಾನಕ್ಕೆ ಹತ್ತಿ, ಅರ್ಮೇನಿಯಾಕ್ಕೆ ಅರಾರಾತ್ ಪರ್ವತ ಎಂಬಂತೆ ಆಯಾ ನೆಲದ ಗುರುತನ್ನು ಅದರೊಳಗೆ ತುಂಬುತ್ತಿದ್ದರು. ಆದರೆ ಹಳೆಯ ಲಾಂಛನದ ಕೆಂಪು ಪಟ್ಟಿಯ ಮೇಲಿದ್ದ ‘ಸಕಲ ದೇಶಗಳ ಕಾರ್ಮಿಕರೇ, ಒಂದಾಗಿ’ ಎಂಬ ಘೋಷಣೆ ಹೊಸದರಲ್ಲಿ ಇಲ್ಲ. ಆ ಜಾಗದಲ್ಲಿ ಗಣರಾಜ್ಯದ ಹೆಸರು ರಷ್ಯನ್, ಉಕ್ರೇನಿಯನ್ ಮತ್ತು ಮಾಲ್ಡೋವನ್ ಭಾಷೆಗಳಲ್ಲಿದೆ. ಸೂರ್ಯನ ಕೆಳಗೆ ಮೊದಲಿಲ್ಲದ ನೀಲಿ ಅಲೆಗಳು ಬಂದಿವೆ, ಅದು ಡ್ನೀಸ್ಟರ್ ನದಿ. ಅಂದರೆ ಜಗತ್ತಿನ ಕಾರ್ಮಿಕರಿಗೆ ಕೊಟ್ಟ ಕರೆಯನ್ನು ತೆಗೆದು ಒಂದು ನದಿಯನ್ನೂ ಒಂದು ಹೆಸರನ್ನೂ ತಂದಿದ್ದಾರೆ. ಖಾಸಗಿ ಉದ್ಯಮ ಸಮೂಹವೊಂದು ಸೂಪರ್‌ಮಾರ್ಕೆಟ್, ಪೆಟ್ರೋಲ್ ಬಂಕ್‌ಗಳಿಂದ ಹಿಡಿದು ಫುಟ್‌ಬಾಲ್ ತಂಡದವರೆಗೆ ಎಲ್ಲವನ್ನೂ ನಡೆಸುವ ನಾಡಿನಲ್ಲಿ ಆ ಘೋಷಣೆಗೆ ಜಾಗವೂ ಇರಲಿಲ್ಲ. 2021ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಅಂಗಳದಲ್ಲೇ 2-1ರಿಂದ ಮಣಿಸಿದ, ರಾಜಧಾನಿ ತಿರಾಸ್ಪೋಲಿನ ಷೆರಿಫ್, ಅದೇ ಸಮೂಹದ ಹೆಸರನ್ನು ಹೊತ್ತ ತಂಡ.

ಹಾಗಾದರೆ ಸುತ್ತಿಗೆ, ಕುಡುಗೋಲು ಏಕೆ ಉಳಿದವು? 1989ರ ಆಗಸ್ಟ್‌ನಲ್ಲಿ ಮಾಲ್ಡೇವಿಯಾದ ರಾಜಧಾನಿ ಕಿಷಿನೌನಲ್ಲಿದ್ದ ಗಣರಾಜ್ಯದ ಶಾಸನಸಭೆ ಮಾಲ್ಡೋವನ್ ಭಾಷೆಯನ್ನು ರಾಜ್ಯಭಾಷೆಯನ್ನಾಗಿ ಮಾಡಿ, ಅದನ್ನು ರಷ್ಯನ್ ಬರೆಯುವ ಸಿರಿಲಿಕ್‌ನಿಂದ ರೊಮೇನಿಯನ್ ಬರೆಯುವ ಲ್ಯಾಟಿನ್ ಲಿಪಿಗೆ ಮರಳಿಸಿತು. ಮಾಲ್ಡೋವನ್ನರು, ರಷ್ಯನ್ನರು, ಉಕ್ರೇನಿಯನ್ನರು ಈ ಮೂವರಲ್ಲಿ ಯಾರೂ ಬಹುಸಂಖ್ಯಾತರಾಗಿರದ ಡ್ನೀಸ್ಟರ್ ನದಿಯ ಪೂರ್ವದಂಡೆಯಲ್ಲಿ, ಮಾಲ್ಡೋವಾ ನಾಳೆ ರೊಮೇನಿಯಾದೊಂದಿಗೆ ಸೇರಿಬಿಡಬಹುದೆಂಬ ಭಯ ಹುಟ್ಟಿತು. 1990ರ ಸೆಪ್ಟೆಂಬರ್ 2ರಂದು ತಿರಾಸ್ಪೋಲ್ ಹೊರಡಿಸಿದ ಘೋಷಣೆಯ ಉದ್ದೇಶ ಸೋವಿಯತ್ ಒಕ್ಕೂಟದಿಂದ ಬಿಟ್ಟುಹೋಗುವುದಾಗಿರಲಿಲ್ಲ. ಮಾಲ್ಡೋವಾದಿಂದ ಬೇರೆಯಾಗಿ ಅದೇ ಒಕ್ಕೂಟದಲ್ಲಿ ಉಳಿಯುವುದಾಗಿತ್ತು. ಎರಡು ತಿಂಗಳ ನಂತರ ಮಾಲ್ಡೋವಾ ಹದ್ದು ಮತ್ತು ಕಾಡುಹೋರಿಯ ತಲೆಯಿರುವ ಹೊಸ ಲಾಂಛನವನ್ನು ತನ್ನದಾಗಿಸಿಕೊಂಡಿತು. ಮುಂದಿನ ವರ್ಷ ಒಕ್ಕೂಟವೇ ಇಲ್ಲವಾಯಿತು. ಹಳೆಯ ಚಿಹ್ನೆಯನ್ನು ಇಟ್ಟುಕೊಂಡವರಿಗೆ ಅದು ‘ನಾವು ಎಲ್ಲಿಗೂ ಹೋಗಲಿಲ್ಲ, ಹೋದವರು ನೀವು’ ಎಂಬ ವಾದವಾಗಿ ಉಳಿಯಿತು. ಇದೇ ಕಾಲದಲ್ಲಿ ಜಾರ್ಜಿಯಾದಿಂದ ಬೇರೆಯಾದ ಅಬ್ಖಾಜಿಯಾ ಸೋವಿಯತ್ ಚಿಹ್ನೆಗಳನ್ನು ಪೂರ್ತಿ ಬಿಟ್ಟು, ನಾರ್ಟ್ ಎಂಬ ವೀರರ ಕತೆಗಳಿರುವ ತನ್ನ ಪುರಾಣದಿಂದ ನಕ್ಷತ್ರಗಳತ್ತ ಬಾಣ ಬಿಡುವ ಕುದುರೆ ಸವಾರನನ್ನು ಲಾಂಛನಕ್ಕೆ ತಂದಿತು. ಒಂದೇ ಜನಾಂಗದ ಪುರಾಣವನ್ನು ನೆಚ್ಚಿಕೊಳ್ಳುವ ಅವಕಾಶ ತಿರಾಸ್ಪೋಲಿಗೆ ಇರಲಿಲ್ಲ. ಮೂರೂ ಸಮುದಾಯಗಳು ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಸೈನ್ಯದಲ್ಲಿ ನೋಡುತ್ತಾ ಬೆಳೆದಿದ್ದ ಚಿತ್ರ ಸೋವಿಯತ್ ಕಾಲದ್ದೊಂದೇ. ಇದನ್ನು ಬರಿಯ ಹಳಹಳಿಕೆ ಎಂದು ತಳ್ಳಿಹಾಕುವವರು ಆ ಜನರಿಗೆ ಅನ್ಯಾಯ ಮಾಡುತ್ತಾರೆ.

ಆದರೂ ಈ ಲಾಂಛನ ಹೇಳುವುದೆಲ್ಲ ನಿಜವಲ್ಲ, ನದಿಯಂತೂ ಅಲ್ಲವೇ ಅಲ್ಲ. ಲಾಂಛನದಲ್ಲಿ ಡ್ನೀಸ್ಟರ್ ಆ ನಾಡಿನ ಜೀವನಾಡಿಯಂತೆಯೂ ಸಹಜ ಎಲ್ಲೆಯಂತೆಯೂ ಕಾಣುತ್ತದೆ. ವಾಸ್ತವದಲ್ಲಿ ಟ್ರಾನ್ಸ್‌ನಿಸ್ಟ್ರಿಯಾದ ಎರಡನೆಯ ದೊಡ್ಡ ನಗರವಾದ ಬೆಂದೇರ್ ಇರುವುದು ನದಿಯ ಪಶ್ಚಿಮದಂಡೆಯಲ್ಲಿ. ಪೂರ್ವದಂಡೆಯ ಕೆಲವು ಹಳ್ಳಿಗಳು ಇವತ್ತಿಗೂ ಕಿಷಿನೌ ಆಡಳಿತದಲ್ಲಿವೆ. 1992ರಲ್ಲಿ ಮಾಲ್ಡೋವಾ ಮತ್ತು ಪ್ರತ್ಯೇಕತಾವಾದಿಗಳ ನಡುವಿನ ಯುದ್ಧದ ಅತ್ಯಂತ ಭೀಕರ ಕಾಳಗ ಜೂನ್‌ನಲ್ಲಿ ನಡೆದದ್ದು ಅದೇ ಬೆಂದೇರ್‌ನ ಬೀದಿಗಳಲ್ಲಿ ಮತ್ತು ನದಿಯ ಸೇತುವೆಯ ಮೇಲೆ. ರಷ್ಯದ ಸೇನೆ ಪ್ರತ್ಯೇಕತಾವಾದಿಗಳ ಪರವಾಗಿ ನಿಂತ ಮೇಲೆ, ಜುಲೈ 21ರಂದು ರಷ್ಯದ ಅಧ್ಯಕ್ಷ ಯೆಲ್ಟ್ಸಿನ್ ಮತ್ತು ಮಾಲ್ಡೋವಾದ ಅಧ್ಯಕ್ಷ ಸ್ನೆಗುರ್ ಕದನವಿರಾಮಕ್ಕೆ ಸಹಿ ಹಾಕಿದರು. ಎಲ್ಲೆಯನ್ನು ಎಳೆದದ್ದು ನದಿಯಲ್ಲ, ಬಂದೂಕು. ತೆನೆಗಳ ವಿಷಯವೂ ಅಷ್ಟೆ: ದ್ರಾಕ್ಷಿ ಅಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ಆ ಆಡಳಿತವನ್ನು ದಶಕಗಳ ಕಾಲ ನಿಲ್ಲಿಸಿದ್ದು ರಿಬ್ನಿತ್ಸಾದ ಉಕ್ಕಿನ ಕಾರ್ಖಾನೆ, ಕುಚುರ್ಗಾನ್‌ನ ವಿದ್ಯುತ್ ಸ್ಥಾವರ ಮತ್ತು ಹಣ ಕೊಡದೆ ಉರಿಸಿದ ರಷ್ಯದ ಅನಿಲ. 2025ರ ಜನವರಿ 1ರಂದು ಉಕ್ರೇನ್ ಮೂಲಕ ಬರುತ್ತಿದ್ದ ಆ ಅನಿಲ ನಿಂತಾಗ ಮನೆಗಳು ನಡುಚಳಿಗಾಲದಲ್ಲಿ ತಣ್ಣಗಾದವು.

ನನ್ನನ್ನು ಹೆಚ್ಚು ಕಾಡುವುದು ಕೆಂಪು ಪಟ್ಟಿಯ ಮೇಲಿನ ಮಾಲ್ಡೋವನ್ ಬರಹ. ಮೂರು ಭಾಷೆಗಳಿಗೆ ಸಮಾನ ಸ್ಥಾನ ಎಂದು ಅದು ಸಾರುತ್ತದೆ, ಆದರೆ ಅದರ ಲಿಪಿ ಸಿರಿಲಿಕ್. ಅದೇ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಕಲಿಸುತ್ತಿದ್ದ ಶಾಲೆಗಳನ್ನು 2004ರ ಬೇಸಿಗೆಯಲ್ಲಿ ಬಲವಂತವಾಗಿ ಮುಚ್ಚಿಸಲಾಯಿತು. ರಿಬ್ನಿತ್ಸಾದ ಶಾಲೆಗೆ ಪೊಲೀಸರು ನುಗ್ಗಿದರು, ಬೆಂದೇರ್‌ನ ಶಾಲೆಗೆ ನೀರು ಮತ್ತು ವಿದ್ಯುತ್ ಕಡಿದರು. ಮಕ್ಕಳೂ ಪೋಷಕರೂ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದರು. 2012ರ ಅಕ್ಟೋಬರ್‌ನಲ್ಲಿ ಬಂದ ತೀರ್ಪು, ಆ ಮಕ್ಕಳ ಶಿಕ್ಷಣದ ಹಕ್ಕಿಗೆ ಭಂಗವಾಗಿದೆ, ತಿರಾಸ್ಪೋಲ್ ಆಡಳಿತ ನಿಂತಿರುವುದೇ ರಷ್ಯದ ಬಲದ ಮೇಲೆ, ಆದ್ದರಿಂದ ಹೊಣೆ ರಷ್ಯದ್ದು ಎಂದಿತು. ಬಹುಭಾಷಾ ಸಮಾನತೆಯ ಹೆಸರಿನಲ್ಲಿ ಹುಟ್ಟಿದ ಆಡಳಿತವು ತನ್ನ ಮೂರು ಭಾಷೆಗಳಲ್ಲಿ ಒಂದನ್ನು ಅದನ್ನಾಡುವವರ ಮಕ್ಕಳು ಯಾವ ಅಕ್ಷರದಲ್ಲಿ ಕಲಿಯಬೇಕೆಂದು ಪೊಲೀಸರ ಮೂಲಕ ತೀರ್ಮಾನಿಸಿದ್ದನ್ನು, 1989ರ ಭಯ ಎಷ್ಟೇ ನಿಜವಾಗಿದ್ದರೂ, ನಾನು ಒಪ್ಪಲಾರೆ.