ಮತ್ತೊಮ್ಮೆ ಹೇಳ್ರಿ ಸರ್

ಕಳೆದ ತಿಂಗಳು ಇಲ್ಲಿ ಅಮೆರಿಕದ ಇಂಡಿಯಾನಾದ ಕಾಲೇಜೊಂದರಲ್ಲಿ ಬೀಜಗಣಿತಕ್ಕೆ ಹೆಸರು ಹಚ್ಚಿದಾಗ ನನಗೆ ಸಿಕ್ಕಿದ್ದು ಉಪನ್ಯಾಸಕರಲ್ಲ, ಒಂದು ಹೆಡ್‌ಫೋನು ಮತ್ತು ಅಭ್ಯಾಸದ ಪುಸ್ತಕ. ಎಕ್ಸ್ ವರ್ಗಕ್ಕೆ ಆರು ಎಕ್ಸ್ ಮತ್ತು ಐದನ್ನು ಕೂಡಿಸಿದರೆ ಸೊನ್ನೆ ಎಂಬ ಸಮೀಕರಣವನ್ನು ಬಿಡಿಸುತ್ತಿದ್ದ ಆ ದನಿ, ಆರರ ಅರ್ಧ ಮೂರು, ಮೂರರ ವರ್ಗ ಒಂಬತ್ತು ಎಂದು ಹೇಳಿ, ಮುಂದಿನ ಸಾಲನ್ನು ನೀವೇ ಬರೆಯಿರಿ ಎಂದು ಸುಮ್ಮನಾಯಿತು. ಐದು ಇದ್ದಲ್ಲಿ ಒಂಬತ್ತು ಏಕೆ ಬಂತೆಂದು ತಿಳಿಯದೆ ನಾಲ್ಕು ಸಲ ಹಿಂದಕ್ಕೆ ಹೋಗಿ ಕೇಳಿದೆ. ನಾಲ್ಕನೆಯ ಸಲವೂ ಆ ದನಿಯಲ್ಲಿ ಬೇಸರವಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಕಲಬುರಗಿ ಇನ್ನೂ ಗುಲ್ಬರ್ಗಾ ಆಗಿದ್ದ ಕಾಲ. ಸೇಡಂ ಕಡೆಯ ಹಳ್ಳಿಯಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ನಾನು. ಫಲಕದ ತುಂಬ ಬರೆದು ಮುಗಿಸಿ "ತಿಳೀತೇನ್ರಪಾ?" ಎಂದು ಸರ್ ಕೇಳಿದರೆ, ನೂರು ಜನರ ತರಗತಿ ಒಂದೇ ಬಾಯಲ್ಲಿ "ಹೂಂ ರೀ ಸರ್" ಎನ್ನುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಎದ್ದು ನಿಂತು "ಮತ್ತೊಮ್ಮೆ ಹೇಳ್ರಿ ಸರ್" ಎಂದೆ. "ಎಸ್ಸೆಸ್ಸೆಲ್ಸಿ ಹೆಂಗ ಪಾಸಾದಿ ನೀ?" ಎಂದರು, ತರಗತಿ ನಕ್ಕಿತು. ಆ ಮೇಲೆ ಎರಡು ವರ್ಷ ನಾನು ಎದ್ದು ನಿಲ್ಲಲಿಲ್ಲ.

ಇದೇ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸ್ಯಾಮ್ಯುಯೆಲ್ ಪೋಸ್ಟಲ್‌ತ್ವೇಟ್ ಅವರು 1961ರಲ್ಲಿಯೇ ಹಿಂದುಳಿದ ವಿದ್ಯಾರ್ಥಿಗಳಿಗೆಂದು ಪಾಠವನ್ನು ಟೇಪಿಗೆ ಇಳಿಸಿದ್ದರು. ಇಂದು ಯಾದಗಿರಿಯ ಹುಡುಗನ ಕಿಸೆಯಲ್ಲೂ ಫೋನಿದೆ. ಕನ್ನಡದ ದನಿಯೊಂದು ಅವನಿಗೆ ಹತ್ತು ಸಲ ಹೇಳಿಕೊಡಬಾರದೇಕೆ? ಕಿವಿಯಿಂದ ಗಣಿತ ಕಲಿಯುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದ ನಿಯಮಗಳನ್ನು ಬಾಯಿಪಾಠಕ್ಕೆ ಒದಗುವ ಶ್ಲೋಕಗಳಲ್ಲಿಯೇ ಹೇಳಿದ್ದಾರೆ. ಧನಸಂಖ್ಯೆಯ ವರ್ಗಮೂಲ ಧನವೂ ಹೌದು, ಋಣವೂ ಹೌದು ಎಂಬ ಮಾತು ಅದರಲ್ಲಿದೆ.

ಆ ಮಾತನ್ನೇ ನಾನು ಮರೆತಿದ್ದೆ. ಐದು ಒಂಬತ್ತಾಗಲೆಂದು ಸಮೀಕರಣದ ಎರಡೂ ಕಡೆ ನಾಲ್ಕು ಕೂಡಿಸಿ, ನಾಲ್ಕರ ವರ್ಗಮೂಲ ಎರಡೆಂದು ಬರೆದು, ಋಣ ಒಂದು ಎಂಬ ಒಂದೇ ಉತ್ತರದೊಡನೆ ಎದ್ದುಬಿಟ್ಟೆ. ಋಣ ಐದು ತಪ್ಪಿಹೋದದ್ದು ದನಿಗೆ ಕಾಣಲಿಲ್ಲ. ಮೂರು ದಿನ, ಇಪ್ಪತ್ತು ಲೆಕ್ಕ, ಅದೇ ತಪ್ಪು. ನನ್ನನ್ನು ನಗೆಗೀಡು ಮಾಡಿದ ಆ ಸರ್ ಕೂಡ ಬೆಂಚುಗಳ ನಡುವೆ ನಡೆಯುತ್ತ, ಇಂಥ ಸಾಲಿನ ಮೇಲೆ ಸೀಮೆಸುಣ್ಣ ಮೆತ್ತಿದ ಬೆರಳಿಟ್ಟು ನಿಂತುಬಿಡುತ್ತಿದ್ದರು. ಹಾಳೆಯ ಮೇಲೆ ಉಳಿಯುತ್ತಿದ್ದ ಆ ಬಿಳಿ ಗುರುತು ಈಗ ನೆನಪಾಗುತ್ತದೆ.